ತೋಟ ನೋಡುವ, ನಿಸರ್ಗದ ಮಾತು ಕೇಳುವ ಬಳಗಕ್ಕೆ ಸೇರುವುದು ಹೇಗೆ: ಬೆಳಗಾವಿ ಕಡೆಯವರಿಗೆ ಹಂತ ಹಂತದ ಮಾರ್ಗದರ್ಶಿ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಗಿಡ, ಹಕ್ಕಿ, ಚಿಟ್ಟೆ ಅಂತ ಆಸಕ್ತಿ ಇರುವವರು ಕಡಿಮೆಯೇನಿಲ್ಲ. ಆದರೆ ಇಂಥ ಬಳಗಕ್ಕೆ ಸೇರಿದವರಲ್ಲಿ ಬಹಳ ಜನ ಸ್ವಲ್ಪ ದಿನಕ್ಕೇ ಬಿಟ್ಟುಬಿಡುತ್ತಾರೆ. ಯಾಕೆ ಅಂತ ಕೇಳಿದರೆ, "ಅಲ್ಲಿ ಎಲ್ಲಾರೂ ಹಳೇ ಮಂದಿ, ನಮ್ಮನ್ನ ಯಾರು ಮಾತಾಡಸ್ತಾರ್ರೀ" ಅನ್ನುತ್ತಾರೆ. ಒಳಗಿನವರು ಹೇಳುವುದು ಬೇರೆ: "ಬಂದ್ರು, ಮೊದಲನೇ ದಿನಾನ ನೆಡಾಕ ಗಿಡದ ಟೊಂಗಿ ಕೇಳಿದ್ರು, ಮುಂದ ಮುಖಾನೂ ತೋರಸಲಿಲ್ಲ." ಇಬ್ಬರ ಮಾತೂ ನಿಜ.

ತಪ್ಪುವುದು ಕ್ರಮದಲ್ಲಿ. ಮೊದಲು ವಾಟ್ಸಾಪ್ ಗುಂಪು, ಆಮೇಲೆ ಶುಲ್ಕ, ಆಮೇಲೆ ಯಾರದೋ ತೋಟ, ಎಲ್ಲಕ್ಕಿಂತ ಕೊನೆಗೆ ಜನರ ಪರಿಚಯ. ಹೀಗೆ ಹೋದವರು ನಿಲ್ಲುವುದಿಲ್ಲ. ಇದನ್ನು ತಿರುಗಿಸಿ ಮಾಡಬೇಕು: ಮೊದಲು ಜನ, ಆಮೇಲೆ ತೋಟ, ಆಮೇಲೆ ಹಣ. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ. ಅವಸರವಿದ್ದರೂ ಹಾರಿಸಬೇಡಿ.

## ಹಂತ 1: ನಿಮಗೆ ಬೇಕಾದ್ದು ಯಾವ ಬಳಗ?

ಹೊರಗಿನಿಂದ ಎಲ್ಲ ಒಂದೇ ಥರ ಕಾಣುತ್ತವೆ. ಒಳಗೆ ಹೋದರೆ ಮೂರು ಬಗೆ ಇರುತ್ತವೆ.

ಒಂದು, ಕೈತೋಟದವರದು. ತಾರಸಿ ಮೇಲಿನ ಗುಲಾಬಿ, ದಾಸವಾಳ, ಅಡೇನಿಯಂ (ದಪ್ಪ ಬುಡದ ಹೂಗಿಡ), ಬೋನ್ಸಾಯ್ (ಕುಂಡದಲ್ಲಿ ಗಿಡ್ಡವಾಗಿ ಬೆಳೆಸಿದ ಮರ). ಒಬ್ಬರ ಮನೆಗೆ ಇನ್ನೊಬ್ಬರು ಹೋಗುತ್ತಾರೆ, ಗಿಡ ಬದಲಾಯಿಸಿಕೊಳ್ಳುತ್ತಾರೆ. ಎರಡು, ನಡೆದಾಡುವವರದು. ಬೆಳಿಗ್ಗೆ ಬೇಗ ಕೆರೆ ದಂಡೆ, ಗುಡ್ಡ, ಮರಗಳ ಕೆಳಗೆ ಸುತ್ತಿ ಹಕ್ಕಿ, ಚಿಟ್ಟೆ ನೋಡುತ್ತಾರೆ. ಮೂರು, ಮಾತು ಕೇಳುವವರದು. ಕಾಲೇಜಿನಲ್ಲೋ ಸಣ್ಣ ಸಭಾಂಗಣದಲ್ಲೋ ಸಂಜೆ ಸೇರುತ್ತಾರೆ, ಒಬ್ಬರು ಸ್ಲೈಡ್ ತೋರಿಸಿ ಮಾತಾಡುತ್ತಾರೆ, ಪ್ರಶ್ನೋತ್ತರ, ಚಾ. ಎಷ್ಟೋ ಬಳಗಗಳಲ್ಲಿ ಮೂರೂ ಬೆರೆತಿರುತ್ತವೆ. ಆದರೂ ಒಂದರ ತೂಕ ಜಾಸ್ತಿ ಇದ್ದೇ ಇರುತ್ತದೆ.

ಆಯ್ಕೆ ಮಾಡುವಾಗ ಆಸಕ್ತಿಗಿಂತ ಮೊದಲು ಪುರುಸೊತ್ತು ನೋಡಿ. ರವಿವಾರ ಬೆಳಿಗ್ಗೆ ಆರಕ್ಕೆ ಮನೆ ಬಿಡಲು ಆಗದವರು ಹಕ್ಕಿ ನೋಡುವ ಗುಂಪಿಗೆ ಸೇರಿ ಏನು ಪ್ರಯೋಜನ? ಮೊಣಕಾಲು ನೋವಿದ್ದರೆ ತಾರಸಿ ತೋಟಗಳ ಮೆಟ್ಟಿಲು ಕಷ್ಟ. ಸಂಜೆ ಅಂಗಡಿ ನೋಡಿಕೊಳ್ಳುವವರಿಗೆ ಸಂಜೆಯ ಮಾತು ಒಗ್ಗುವುದಿಲ್ಲ. ಮನೆಯಲ್ಲಿ ಒಂದೂ ಕುಂಡ ಇಲ್ಲ ಅಂತ ಮಾತ್ರ ಹಿಂಜರಿಯಬೇಡಿ. ಬಾಡಿಗೆ ಮನೆಯಲ್ಲಿದ್ದು ಬರೀ ನೋಡಲು, ಕೇಳಲು ಬರುವವರೂ ಇಂಥ ಕಡೆ ಇರುತ್ತಾರೆ.

## ಹಂತ 2: ಹುಡುಕುವುದು

ಒಳ್ಳೆಯ ಬಳಗಗಳು ಬಹುಪಾಲು ಬೋರ್ಡ್ ಹಾಕಿಕೊಂಡಿರುವುದಿಲ್ಲ. ಅವುಗಳ ಜನ ಎಲ್ಲಿ ಸೇರುತ್ತಾರೋ ಅಲ್ಲಿ ಹೋಗಿ ಕೇಳಬೇಕು.

ಎಲ್ಲಕ್ಕಿಂತ ಸುಲಭದ ಜಾಗ ತೋಟಗಾರಿಕೆ ಇಲಾಖೆಯ ಫಲಪುಷ್ಪ ಪ್ರದರ್ಶನ. ಅಲ್ಲಿ ಹೂವಿನ ಆನೆ, ತರಕಾರಿ ನವಿಲಿನ ಮುಂದೆ ಸೆಲ್ಫಿ ತೆಗೆದು ವಾಪಸ್ ಬರಬೇಡಿ. ಸ್ಪರ್ಧೆಗೆ ಇಟ್ಟ ಮನೆಯ ಕುಂಡಗಳ ಸಾಲಿಗೆ ಹೋಗಿ. ಆ ಕುಂಡಗಳನ್ನು ತಂದವರು ಅಲ್ಲೇ ಪಕ್ಕದಲ್ಲಿ ಎಲೆ ಒರೆಸುತ್ತಾ ನಿಂತಿರುತ್ತಾರೆ. "ಇಷ್ಟು ಚೆಂದ ಹೆಂಗ ಬೆಳಸೀರಿ ಕಾಕಾ?" ಅಂದರೆ ಸಾಕು, ಬಳಗದ ವಿಷಯ ಅವರೇ ತೆಗೆಯುತ್ತಾರೆ. ಪ್ರದರ್ಶನದ ಕಾಲವಲ್ಲದಿದ್ದರೆ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ, ಕೈತೋಟದ ಸ್ಪರ್ಧೆಗೆ ಯಾವ ಗುಂಪಿನವರು ಬರುತ್ತಾರೆ ಅಂತ ವಿಚಾರಿಸಿ. ಬೆಳಗಾವಿಯವರು ಹ್ಯೂಮ್ ಪಾರ್ಕಿನಲ್ಲಿ ಗಿಡ ನೋಡಿಕೊಳ್ಳುವ ಮಾಲಿಗಳನ್ನೂ ಕೇಳಬಹುದು. ಕಚೇರಿಗಿಂತ ಅವರಿಗೆ ಜಾಸ್ತಿ ಗೊತ್ತಿರುತ್ತದೆ.

ಎರಡನೆಯದು ಬೆಳಗಿನ ವಾಕಿಂಗ್ ಜಾಗಗಳು. ಟಿಳಕವಾಡಿಯ ವ್ಯಾಕ್ಸಿನ್ ಡಿಪೋದಲ್ಲಿ ಹಳೆಯ ದೊಡ್ಡ ಮರಗಳಿವೆ. ಕೊರಳಿಗೆ ಬೈನಾಕ್ಯುಲರ್ ಹಾಕಿಕೊಂಡು ಮೇಲೆ ನೋಡುತ್ತಾ ನಿಧಾನಕ್ಕೆ ನಡೆಯುವವರು ಕಂಡರೆ ಅವರೇ ನಿಮಗೆ ಬೇಕಾದವರು. ವಿಜಯಪುರದಲ್ಲಿ ಭೂತನಾಳ ಕೆರೆ ಕಡೆ ಹೀಗೇ ಹುಡುಕಿ.

ಮೂರನೆಯದು ಶಿಕ್ಷಣ ಸಂಸ್ಥೆಗಳು. ಬಾಗಲಕೋಟೆಯವರಿಗೆ ಇದು ದೊಡ್ಡ ಅನುಕೂಲ. 2008ರಲ್ಲಿ ಶುರುವಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಅಲ್ಲೇ ಇದೆ. ಅದರ ತೋಟಗಾರಿಕೆ ಮೇಳಕ್ಕೆ ಹೊರಗಿನವರೂ ಹೋಗಬಹುದು. ಗೋಕಾಕ ಕಡೆಯವರಿಗೆ ಅರಭಾವಿಯ ತೋಟಗಾರಿಕೆ ಕಾಲೇಜು, ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರ. ಬೈಲಹೊಂಗಲದವರಿಗೆ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ. ವಿಜಯಪುರದವರಿಗೆ ಹಿಟ್ಟಿನಹಳ್ಳಿಯ ಕೃಷಿ ಕಾಲೇಜು. ಬೆಳಗಾವಿ ನಗರದಲ್ಲಿ ಡಿಗ್ರಿ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳಲ್ಲಿ ಕೇಳಿ. ಔಷಧಿ ಸಸ್ಯಗಳಲ್ಲಿ ಆಸಕ್ತಿ ಇದ್ದರೆ ನೆಹರು ನಗರದ ರಾಷ್ಟ್ರೀಯ ಪಾರಂಪರಿಕ ವೈದ್ಯ ವಿಜ್ಞಾನ ಸಂಸ್ಥೆಯಲ್ಲಿ ವಿಚಾರಿಸಿ. ಕಾಲೇಜಿನಲ್ಲಿ ಕಚೇರಿಯ ಗುಮಾಸ್ತರ ಹತ್ತಿರ ಕೇಳಿದರೆ "ಅಂಥಾದ್ದೇನೂ ಇಲ್ಲ" ಅಂತ ಉತ್ತರ ಬರಬಹುದು. ನೇರವಾಗಿ ವಿಭಾಗಕ್ಕೆ ಹೋಗಿ.

ನರ್ಸರಿಯವರೂ ಹೇಳುತ್ತಾರೆ. ಆದರೆ ಅವರು ಹೇಳುವ ಗುಂಪು ಅವರದೇ ಗಿರಾಕಿಗಳ ಗುಂಪು ಆಗಿರಬಹುದು, ಅಷ್ಟು ನೆನಪಿರಲಿ.

ಫೋನ್ ನಂಬರ್ ಸಿಕ್ಕಾಗ ಸಂದೇಶ ಕಳಿಸಬೇಡಿ, ಮಾತಾಡಿ. ಈ ಬಳಗಗಳನ್ನು ನಡೆಸುವವರಲ್ಲಿ ನಿವೃತ್ತರೇ ಜಾಸ್ತಿ. ಗೊತ್ತಿಲ್ಲದ ನಂಬರಿನ ಮೆಸೇಜಿಗೆ ಅವರು ಉತ್ತರ ಕೊಡುವುದಿಲ್ಲ. "ನಮಸ್ಕಾರ್ರೀ ಸರ, ನಾ ಟಿಳಕವಾಡಿಯಿಂದ ಮಾತಾಡಾಕತ್ತೇನ್ರಿ. ನಿಮ್ಮ ಮುಂದಿನ ಕಾರ್ಯಕ್ರಮಕ್ಕ ಒಮ್ಮೆ ಬಂದು ನೋಡಬಹುದೇನ್ರೀ?" ಇಷ್ಟು ಸಾಕು. ಅದೇ ಫೋನಿನಲ್ಲಿ ಇನ್ನೂ ಕೆಲವು ಕೇಳಿಕೊಳ್ಳಿ: ತಿಂಗಳ ಯಾವ ದಿನ ಸೇರುತ್ತೀರಿ? ಮಳೆಗಾಲದಲ್ಲೂ ಇರುತ್ತದೆಯೇ? ಮಾತು ಕನ್ನಡದಲ್ಲೋ ಮರಾಠಿಯಲ್ಲೋ? ಮಕ್ಕಳನ್ನು ಕರೆತರಬಹುದೇ? ಶುಲ್ಕದ ವಿಷಯ ಈಗಲೇ ಎತ್ತಬೇಡಿ. ಅವರೇ ಮೊದಲು ಎತ್ತಿದರೆ ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

## ಹಂತ 3: ಮೊದಲು ಮಾತಿಗೆ ಹೋಗಿ, ತೋಟಕ್ಕಲ್ಲ

ಬಹಳ ಜನ ಇಲ್ಲಿ ಉಲ್ಟಾ ಮಾಡುತ್ತಾರೆ. ತೋಟದ ಭೇಟಿ ಇದೆ ಅಂದ ಕೂಡಲೇ ಓಡುತ್ತಾರೆ. ಮಾತು ಅಂದರೆ ಬೋರು ಅಂತ ಬಿಡುತ್ತಾರೆ.

ಮಾತು ನಡೆಯುವುದು ಸಾರ್ವಜನಿಕ ಜಾಗದಲ್ಲಿ. ಅಲ್ಲಿ ನೀವು ಯಾರ ಅತಿಥಿಯೂ ಅಲ್ಲ, ಯಾರಿಗೂ ಹಂಗಿಲ್ಲ. ಹಿಡಿಸದಿದ್ದರೆ ಎದ್ದು ಬರಬಹುದು. ತೋಟ ಅಂದರೆ ಒಬ್ಬರ ಮನೆ. ಹೆಸರೂ ಗೊತ್ತಿಲ್ಲದವರ ಅಡುಗೆಮನೆ ದಾಟಿ ಹಿತ್ತಲಿಗೆ ಹೋಗುವುದು ಅವರಿಗೂ ಮುಜುಗರ, ನಿಮಗೂ ಮುಜುಗರ. ಹೆಣ್ಣುಮಕ್ಕಳು ಒಬ್ಬರೇ ಸೇರುವುದಾದರೆ ಈ ಕ್ರಮ ಇನ್ನೂ ಮುಖ್ಯ. ಒಂದು ಮಾತಿಗೆ ಹೋಗಿ ಅಲ್ಲಿನ ಅಕ್ಕಂದಿರ ಪರಿಚಯ ಆದ ಮೇಲೆ ಅವರ ಜೊತೆಯಲ್ಲೇ ತೋಟಕ್ಕೆ ಹೋಗಬಹುದು.

ಹೇಳಿದ ಸಮಯಕ್ಕಿಂತ ಸ್ವಲ್ಪ ಮೊದಲೇ ಹೋಗಿ. ಕುರ್ಚಿ ಹಾಕುವ ಹೊತ್ತಿಗೆ ಕೈ ಜೋಡಿಸಿದರೆ ಅರ್ಧ ಬಳಗದ ಪರಿಚಯ ಅಲ್ಲೇ ಆಗುತ್ತದೆ. ಹಿಂದಿನ ಸಾಲಿನಲ್ಲಿ ಕೂತರೆ ಮಾತು ಮುಗಿದ ತಕ್ಷಣ ಹೊರಗೆ ಬಂದುಬಿಡುತ್ತೀರಿ. ನಡುವಿನ ಸಾಲು ಒಳ್ಳೆಯದು. ಚಾ ಕುಡಿಯುವ ಕಾಲು ಗಂಟೆಯೇ ನಿಜವಾದ ಸಭೆ, ಅದಕ್ಕೆ ನಿಲ್ಲಿ.

ಪ್ರಶ್ನೆ ಕೇಳುವಾಗ ಒಂದೇ ಪ್ರಶ್ನೆ, ಅದೂ ಅವತ್ತಿನ ವಿಷಯದ್ದೇ. ಚಿಟ್ಟೆಗಳ ಬಗ್ಗೆ ಮಾತಾಡಿದವರ ಮುಂದೆ ಎದ್ದು ನಿಂತು "ನಮ್ಮನಿ ಲಿಂಬಿ ಗಿಡ ಯಾಕ ಕಾಯಿ ಬಿಡವಲ್ದು" ಅಂತ ಶುರು ಮಾಡುವವರು ಪ್ರತಿ ಬಳಗದಲ್ಲೂ ಇದ್ದಾರೆ. ಅವರ ಸಾಲಿಗೆ ಸೇರಬೇಡಿ. ಲಿಂಬೆಯ ಪ್ರಶ್ನೆಯನ್ನು ಚಾ ಹೊತ್ತಿಗೆ ಇಟ್ಟುಕೊಳ್ಳಿ. ಅಂದಹಾಗೆ, ಚಿಟ್ಟೆಯವರನ್ನು ಲಿಂಬೆಯ ಬಗ್ಗೆ ಕೇಳಲು ಒಂದು ದಾರಿಯಿದೆ. ಲಿಂಬೆ ಎಲೆ ತಿನ್ನುವ ಹಕ್ಕಿ ಹಿಕ್ಕೆಯಂಥ ಹುಳ ಮುಂದೆ ಚೆಂದದ ಚಿಟ್ಟೆ ಆಗುತ್ತದೆ. ಅದನ್ನು ಕೊಲ್ಲಬೇಕೋ ಬಿಡಬೇಕೋ ಅಂತ ಕೇಳಿ ನೋಡಿ, ಸಭೆ ಎರಡು ಪಂಗಡ ಆಗುತ್ತದೆ.

## ಹಂತ 4: ಚೀಲದಲ್ಲಿ ಇರಬೇಕಾದ್ದು

ತೋಟಕ್ಕೆ ಹೋಗುವ ಮುನ್ನ ಒಂದು ಬಟ್ಟೆ ಚೀಲ ಸಿದ್ಧ ಮಾಡಿ. ಸಣ್ಣ ನೋಟ್‌ಬುಕ್ಕು, ಪೆನ್ಸಿಲ್ಲು (ಮಳೆಯಲ್ಲಿ ಪೆನ್ನು ಬರೆಯುವುದಿಲ್ಲ), ನೀರಿನ ಬಾಟಲಿ, ಟೊಪ್ಪಿಗೆ ಅಥವಾ ಛತ್ರಿ, ಹಳೆಯ ಪೇಪರು, ಎರಡು ಪ್ಲಾಸ್ಟಿಕ್ ಕವರು, ಹೆಸರು ಬರೆಯಲು ಅಂಟಿಸುವ ಟೇಪು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಭೂತಗನ್ನಡಿ ಇದ್ದರೆ ಎಲೆ ಹಿಂದಿನ ಹುಳ ನೋಡಲು ಬರುತ್ತದೆ. ಬೈನಾಕ್ಯುಲರ್ ಮೊದಲ ದಿನವೇ ಕೊಳ್ಳಬೇಡಿ. ಬಳಗದವರ ಕೈಯಲ್ಲಿರುವುದನ್ನು ಒಮ್ಮೆ ಹಿಡಿದು ನೋಡಿ. ಹಕ್ಕಿ ನೋಡುವವರು ಸಾಮಾನ್ಯವಾಗಿ 8×42 ಅಳತೆಯದನ್ನು (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮುಂಗಾಜಿನದು) ಇಷ್ಟಪಡುತ್ತಾರೆ.

ಕತ್ತರಿ ಮನೆಯಲ್ಲೇ ಇರಲಿ. ಬೇರೆಯವರ ತೋಟಕ್ಕೆ ಕತ್ತರಿ ಹಿಡಿದು ಹೋದರೆ ಏನರ್ಥ ಬರುತ್ತದೆ ಅಂತ ನೀವೇ ಯೋಚಿಸಿ.

ಆಸ್ತಮಾ ಅಥವಾ ಅಲರ್ಜಿ ಇರುವವರು ತಮ್ಮ ಔಷಧಿ ಮರೆಯಬಾರದು. ನಮ್ಮ ಕಡೆ ಖಾಲಿ ಜಾಗ ಇದ್ದಲ್ಲೆಲ್ಲ ಕಾಂಗ್ರೆಸ್ ಕಸ ಬೆಳೆದಿರುತ್ತದೆ. ಅದರ ಪರಾಗದಿಂದ ಸೀನು, ಉಬ್ಬಸ, ಮುಟ್ಟಿದರೆ ತುರಿಕೆ ಬರುತ್ತದೆ.

## ಹಂತ 5: ತೋಟದ ಭೇಟಿ

ಜನ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಕಾಲ ನೋಡಿ ಹೋಗಿ. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡದೆ ಹೊಡೆಯುತ್ತದೆ. ಅಂಗಳದ ಫರಸಿ, ತಾರಸಿಯ ಮೆಟ್ಟಿಲು ಪಾಚಿಗಟ್ಟಿ ಜಾರುತ್ತವೆ. ಹಿಡಿತವಿರುವ ಬೂಟು ಬೇಕು. ತೋಟಗಳು ಚೆನ್ನಾಗಿ ಕಾಣುವುದು ಮಳೆ ಕಳೆದ ಮೇಲೆ, ಅಕ್ಟೋಬರ್‌ನಿಂದ ಫೆಬ್ರವರಿವರೆಗೆ. ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಆಗ ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಒಂಬತ್ತಕ್ಕೆ ಮುಗಿಸುವ ಬಳಗ ಬುದ್ಧಿವಂತರದು. ಹನ್ನೊಂದಕ್ಕೆ ಕರೆಯುವವರು ತಾವು ಬಿಸಿಲಲ್ಲಿ ನಡೆದವರಲ್ಲ.

ಮಳೆಗಾಲದಲ್ಲಿ ಒಂದು ಭೇಟಿಗೆ ಮಾತ್ರ ಕರೆದರೆ ಬಿಡಬೇಡಿ. ಬ್ರಹ್ಮಕಮಲ ಅಂತ ಮನೆಗಳಲ್ಲಿ ಬೆಳೆಸುವ ಕಳ್ಳಿ ಜಾತಿಯ ಗಿಡ ರಾತ್ರಿ ಅರಳಿ ಬೆಳಗಾಗುವುದರೊಳಗೆ ಬಾಡುತ್ತದೆ. ಮೊಗ್ಗು ಉಬ್ಬಿದ ಸಂಜೆ ಫೋನ್ ಬರುತ್ತದೆ. ಊಟ ಬೇಗ ಮುಗಿಸಿ ಹೋಗಬೇಕು. ಮುಂಚೆಯೇ ದಿನ ಹೇಳಲು ಯಾರಿಗೂ ಆಗುವುದಿಲ್ಲ.

ಒಳಗೆ ಹೋಗುವಾಗ. ಮನೆಯವರು ಮುಂದೆ, ನೀವು ಹಿಂದೆ. ಚಪ್ಪಲಿ ಎಲ್ಲಿ ಬಿಡಬೇಕು ಅಂತ ಕೇಳಿ. ನಾಯಿ ಕಟ್ಟಿದ್ದಾರಾ ಅಂತಲೂ ಕೇಳಿ. ಮಡಿಯ ಸಾಲಿನ ಮೇಲೆ ಕಾಲಿಡಬೇಡಿ, ತುಳಿದ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ ಸಿಗುವುದಿಲ್ಲ. ಹೂವು ಕೀಳಬೇಡಿ, ಪೂಜೆಗೆ ಅಂತ ಕೂಡ ಬೇಡ. ಎಲೆ ಹರಿದು ಮೂಸಿ ನೋಡುವ ಚಟ ಬಹಳ ಮಂದಿಗಿದೆ. ಅದನ್ನು ಬಿಡಬೇಕು. ಕಣಗಿಲೆ, ದತ್ತೂರಿ ವಿಷ. ಅಡೇನಿಯಂ, ಕಳ್ಳಿಯ ಹಾಲು ಕಣ್ಣಿಗೆ ತಾಗಿದರೆ ಆಸ್ಪತ್ರೆಗೆ ಹೋಗಬೇಕಾದೀತು. ಮಕ್ಕಳು ಜೊತೆಗಿದ್ದರೆ ಅವರ ಕೈ ನಿಮ್ಮ ಕೈಯಲ್ಲೇ ಇರಲಿ.

ಸಲಹೆ ಕೊಡಬೇಡಿ. ಕೇಳದೆ ಕೊಡುವ ಸಲಹೆಯಷ್ಟು ಬೇಗ ಮನಸ್ಸು ಕೆಡಿಸುವುದು ಇನ್ನೊಂದಿಲ್ಲ. "ಇದಕ್ಕ ಇಷ್ಟು ನೀರು ಹಾಕಬಾರದ್ರೀ" ಅಂತ ಮೊದಲ ಸಲ ಬಂದವರು ಹೇಳಿದರೆ ಹೇಗಿರುತ್ತದೆ? ಅದರ ಬದಲು "ವಾರಕ್ಕ ಎಷ್ಟು ಸಲ ನೀರು ಹಾಕ್ತೀರಿ?" ಅಂತ ಕೇಳಿ. ತಪ್ಪಿದ್ದರೆ ಅವರಿಗೇ ಹೊಳೆಯುತ್ತದೆ. ತಪ್ಪು ನಿಮ್ಮದೇ ಆಗಿದ್ದರೆ ನೀವು ಕಲಿಯುತ್ತೀರಿ.

ಟೊಂಗೆ ಕೇಳುವ ಕ್ರಮ. ಮೊದಲ ಭೇಟಿಯಲ್ಲಿ ಏನೂ ಕೇಳಬೇಡಿ. ಕೊಟ್ಟರೆ ತೆಗೆದುಕೊಳ್ಳಿ. ಎರಡನೇ ಸಲ ಹೋಗುವಾಗ ನಿಮ್ಮದೊಂದು ಸಸಿಯೋ ಬೀಜವೋ ತೆಗೆದುಕೊಂಡು ಹೋಗಿ, ಆಮೇಲೆ ಕೇಳಿ. ಕೇಳುವ ಮುಂಚೆ ಆ ಗಿಡ ಟೊಂಗೆಯಿಂದ ಬರುತ್ತದೆಯೇ ಅಂತ ತಿಳಿದುಕೊಳ್ಳಿ. ದಾಸವಾಳ ಬರುತ್ತದೆ. ಅಡೇನಿಯಂ ಟೊಂಗೆಯಿಂದ ಬದುಕುತ್ತದೆ, ಆದರೆ ಆ ದಪ್ಪ ಬುಡ ಬರುವುದು ಬೀಜದಿಂದ ಬೆಳೆದ ಗಿಡಕ್ಕೆ. ಚೆಂದದ ಬುಡ ನೋಡಿ ಟೊಂಗೆ ಕೇಳಿದರೆ ನಿರಾಸೆಯೇ.

ಕತ್ತರಿಸುವುದು ಮನೆಯವರ ಕೆಲಸ, ಅವರದೇ ಕತ್ತರಿಯಿಂದ. ದಾಸವಾಳವಾದರೆ ಪೆನ್ಸಿಲ್ ದಪ್ಪದ, ಸುಮಾರು ಆರು ಇಂಚಿನ ಕಡ್ಡಿ ಸಾಕು. ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಬೇಕು. ಕೆಳಗಿನ ಎಲೆ ತೆಗೆದು, ಒದ್ದೆ ಪೇಪರಿನಲ್ಲಿ ಸುತ್ತಿ, ಕವರಿಗೆ ಹಾಕಿ. ಟೇಪಿನ ಮೇಲೆ ಗಿಡದ ಹೆಸರು, ಕೊಟ್ಟವರ ಹೆಸರು, ತಾರೀಖು ಬರೆಯಿರಿ. ಸ್ಕೂಟರ್ ಡಿಕ್ಕಿಯಲ್ಲಿ ಬಿಸಿಲಿಗೆ ಇಟ್ಟರೆ ಮನೆ ಮುಟ್ಟುವ ಹೊತ್ತಿಗೆ ಬೆಂದಿರುತ್ತದೆ.

ರೋಗ ಹೊತ್ತು ತರಬೇಡಿ. ಟೊಂಗೆಯ ಜೊತೆ ಹುಳವೂ ಬರುತ್ತದೆ. ಎಲೆ ಸೇರುವ ಸಂದಿಯಲ್ಲಿ ಹತ್ತಿಯಂಥ ಬಿಳಿ ಪುಡಿ ಕಂಡರೆ, ಕಾಂಡದ ಮೇಲೆ ಇರುವೆ ಸಾಲು ಹರಿದಾಡುತ್ತಿದ್ದರೆ ಅದು ಹಿಟ್ಟು ತಿಗಣೆ. ಇರುವೆಗಳು ಅದು ಬಿಡುವ ಸಿಹಿ ಅಂಟಿಗೆ ಬರುತ್ತವೆ. ಅಂಥ ಗಿಡದ ಟೊಂಗೆ ಎಷ್ಟೇ ಚೆಂದ ಇದ್ದರೂ ಬೇಡ. ಕುಂಡದ ಮಣ್ಣಿನ ಸಮೇತ ಕೊಟ್ಟರೆ ಬೇರು ನೋಡಿ. ಮಣಿಮಣಿಯಾಗಿ ಗಂಟು ಕಟ್ಟಿದ್ದರೆ ಬೇರುಗಂಟು ರೋಗದ ಜಂತು ಆ ಮಣ್ಣಿನಲ್ಲಿದೆ. ಆ ಮಣ್ಣನ್ನು ನಿಮ್ಮ ಟೊಮೆಟೊ, ಬದನೆ ಮಡಿಯ ಹತ್ತಿರ ತರಬಾರದು. ಯಾವುದೇ ಹೊಸ ಗಿಡವನ್ನು ಎರಡು-ಮೂರು ವಾರ ಬೇರೆ ಜಾಗದಲ್ಲಿ ಇಟ್ಟು, ಆಮೇಲೆ ಉಳಿದವುಗಳ ಜೊತೆ ಸೇರಿಸಿ.

ರೈತರ ತೋಟಕ್ಕೆ ಹೋದಾಗ ಇನ್ನೂ ಜಾಗ್ರತೆ. ಬಾಗಲಕೋಟೆ, ವಿಜಯಪುರದ ದಾಳಿಂಬೆ ಬೆಳೆಗಾರರಿಗೆ ದುಂಡಾಣು ಅಂಗಮಾರಿ ಅನ್ನುವ ರೋಗದ ಭಯ ದೊಡ್ಡದು. ಅದು ಮಳೆ ಹನಿಯಿಂದ, ಕತ್ತರಿಯಿಂದ, ಒದ್ದೆ ಗಿಡ ಮುಟ್ಟಿದ ಕೈಯಿಂದ ಹರಡುತ್ತದೆ. ಒಂದು ದಾಳಿಂಬೆ ತೋಟ ನೋಡಿ ಅದೇ ದಿನ ಇನ್ನೊಂದಕ್ಕೆ ಹೋಗುವ ಕಾರ್ಯಕ್ರಮ ಇದ್ದರೆ ಬೇಡ ಅನ್ನಿ. ಇಬ್ಬನಿ ಆರುವ ಮುಂಚೆ, ಮಳೆ ನಿಂತ ಕೂಡಲೇ ಒಳಗೆ ಇಳಿಯಬೇಡಿ. ದ್ರಾಕ್ಷಿ ತೋಟದಲ್ಲಿ ಗೊಂಚಲು ಕಂಡ ಕೂಡಲೇ ಬಾಯಿಗೆ ಹಾಕಿಕೊಳ್ಳುವುದೂ ಅಪಾಯ. ಔಷಧಿ ಹೊಡೆದು ಎಷ್ಟು ದಿನ ಆಯಿತು ಅಂತ ಕೇಳಿ, ರೈತರು ಕೊಟ್ಟರೆ ತೊಳೆದು ತಿನ್ನಿ. ಅವರು ಕೆಲಸ ನಿಲ್ಲಿಸಿ ನಿಮಗೆ ತೋರಿಸುತ್ತಾರೆ. ಹಣ್ಣು ಕೊಳ್ಳುವುದಾದರೆ ಚೌಕಾಸಿ ಮಾಡಬೇಡಿ.

ಫೋಟೋ. ಕೇಳಿ ತೆಗೆಯಿರಿ. ಗಿಡ ತೆಗೆಯಿರಿ, ಮನೆಯ ಬಾಗಿಲು, ಗೇಟು, ನಂಬರ್ ಪ್ಲೇಟು ಬೇಡ. ಹಾಕುವ ಮುಂಚೆ ಲೊಕೇಶನ್ ಆಫ್ ಮಾಡಿ. ಹಳೆಯ ಬೋನ್ಸಾಯ್, ದೊಡ್ಡ ಅಡೇನಿಯಂಗಳಿಗೆ ಸಾವಿರಾರು ರೂಪಾಯಿ ಬೆಲೆ ಇದೆ, ಕದಿಯುವವರೂ ಇದ್ದಾರೆ.

ಹೊರಡುವ ಹೊತ್ತಿಗೆ ಹೊರಡಿ. ಚಾ, ಅವಲಕ್ಕಿ ಕೊಟ್ಟರೆ ತಿನ್ನಿ, ತಟ್ಟೆ ಒಳಗಿಟ್ಟು ಬನ್ನಿ. ರಾತ್ರಿ ಒಂದು ಫೋನ್ ಮಾಡಿ "ಚೊಲೋ ಆತ್ರೀ" ಅಂದರೆ ಮುಂದಿನ ಸಲ ನಿಮ್ಮ ಹೆಸರು ಅವರಿಗೆ ನೆನಪಿರುತ್ತದೆ.

## ಹಂತ 6: ಕಾಡು, ಕೆರೆ ಕಡೆ ಹೋಗುವಾಗ

ಇಲ್ಲಿ ಮನೆಯವರ ಒಪ್ಪಿಗೆ ಸಾಲದು, ಕಾನೂನೂ ಬರುತ್ತದೆ. ಖಾನಾಪುರ ತಾಲೂಕಿನ ಭೀಮಗಡ 2011ರಿಂದ ವನ್ಯಜೀವಿ ಧಾಮ. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬಳಗದವರು ಅನುಮತಿ ಪತ್ರ ತೆಗೆದುಕೊಂಡಿದ್ದಾರಾ ಅಂತ ಕೇಳಿ, ಸಾಧ್ಯವಾದರೆ ನೋಡಿ. ಅಲ್ಲಿಂದ ಒಂದು ಸೀತಾಳೆ (ಆರ್ಕಿಡ್) ಗಿಡವನ್ನೂ ಕಿತ್ತು ತರುವಂತಿಲ್ಲ. ಅಲ್ಲಿನ ಬಾರಾಪೇಡೆ ಗುಹೆಯ ಬಾವಲಿಗಳು ಜಗತ್ತಿನಲ್ಲೇ ಅಪರೂಪದವು. "ಗುಹೆಯೊಳಗೆ ಕರಕೊಂಡು ಹೋಗ್ತೀವಿ" ಅನ್ನುವವರ ಜೊತೆ ಹೋಗಬೇಡಿ. ಗದ್ದಲಕ್ಕೆ, ಬೆಳಕಿಗೆ ಅವು ಬೆದರುತ್ತವೆ.

ಹೊಸಬರಿಗೆ ಸುಲಭವಾದದ್ದು ಗೋಕಾಕ ತಾಲೂಕಿನ ಘಟಪ್ರಭಾ ಪಕ್ಷಿಧಾಮ, ಧುಪದಾಳದ ಹತ್ತಿರ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ವಲಸೆ ಹಕ್ಕಿಗಳು ಬಂದಿರುತ್ತವೆ. ಮಣ್ಣಿನ ಬಣ್ಣದ ಅಂಗಿ, ಸೀರೆ, ಚೂಡಿದಾರ್ ಹಾಕಿ. ಸೆಂಟು ಬೇಡ, ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವುದು ಬೇಡವೇ ಬೇಡ. ಗೂಡು ಕಟ್ಟುವ ಕಾಲದಲ್ಲಿ ಆ ಕೂಗು ಕೇಳಿ ಹಕ್ಕಿ ಗೂಡು ಬಿಟ್ಟು ಹಾರಬಹುದು. ಬಾಗಲಕೋಟೆಯವರು ಯಡಹಳ್ಳಿ ಚಿಂಕಾರ (ಸಣ್ಣ ಜಾತಿಯ ಹುಲ್ಲೆ) ಧಾಮದ ಕಡೆ ಹೋಗುವುದಾದರೆ ಅಲ್ಲೂ ಅನುಮತಿ ಕೇಳಿಕೊಂಡೇ ಹೋಗಿ. ಆಲಮಟ್ಟಿಯ ಉದ್ಯಾನಗಳು ಬೇರೆ, ಅಲ್ಲಿ ಟಿಕೆಟ್ ತೆಗೆದುಕೊಂಡರಾಯಿತು.

## ಹಂತ 7: ಈಗ ಹಣ ಕಟ್ಟಿ

ಒಂದು ಮಾತು, ಒಂದೆರಡು ತೋಟ ಆದ ಮೇಲೆ ಸದಸ್ಯತ್ವದ ವಿಷಯ ಎತ್ತಿ. ಆ ಹೊತ್ತಿಗೆ ಅವರೇ ಫಾರಂ ಕೊಟ್ಟಿರುತ್ತಾರೆ.

ಬಳಗ ನೋಂದಣಿ ಆಗಿದೆಯಾ ಅಂತ ಕೇಳುವುದು ತಪ್ಪಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ನೋಂದಣಿ ಆಗಿದ್ದರೆ ಬೈಲಾ (ಸಂಘದ ನಿಯಮಗಳ ಪುಸ್ತಕ) ಇರುತ್ತದೆ, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಇರುತ್ತದೆ, ಲೆಕ್ಕ ಇರುತ್ತದೆ. ಬೈಲಾದ ಪ್ರತಿ ಕೇಳಿ ಓದಿ. ನೋಂದಣಿ ಇಲ್ಲದ ಸಣ್ಣ ಬಳಗಗಳೂ ಚೆನ್ನಾಗಿ ನಡೆಯುತ್ತವೆ. ಆದರೆ ಅಂಥವು ವರ್ಷದ ಶುಲ್ಕ ಕೂಡಿಸುವುದಕ್ಕಿಂತ ಆಯಾ ದಿನದ ಖರ್ಚನ್ನು ಹಂಚಿಕೊಳ್ಳುವುದು ಒಳ್ಳೆಯದು.

ಮೊದಲ ವರ್ಷ ವಾರ್ಷಿಕ ಸದಸ್ಯತ್ವವೇ ಸಾಕು. ಆಜೀವ ಸದಸ್ಯತ್ವ ಅಗ್ಗ ಅಂತ ಕಂಡರೂ ಈಗಲೇ ಬೇಡ. ರಸೀದಿ ಇಸಿದುಕೊಳ್ಳಿ. ವಾಟ್ಸಾಪ್ ಗುಂಪಿಗೆ ಸೇರುವುದು ಈಗ. ಸೇರಿದ ಮೇಲೆ ಶುಭೋದಯದ ಚಿತ್ರ ಕಳಿಸಬೇಡಿ, ದಯವಿಟ್ಟು.

## ಹಂತ 8: ಒಂದು ಕೆಲಸ ಹಿಡಿಯಿರಿ

ಶುಲ್ಕ ಕಟ್ಟಿಯೂ ಹೊರಗಿನವರಾಗಿ ಉಳಿಯುವವರು ಈ ಹಂತ ಬಿಟ್ಟವರು. ಭಾಷಣ ಮಾಡಬೇಕಿಲ್ಲ. ಹಾಜರಿ ಪುಸ್ತಕ ಬರೆಯುವುದು, ವಯಸ್ಸಾದವರನ್ನು ಕಾರಿನಲ್ಲಿ ಕರೆತರುವುದು, ಬ್ಯಾನರ್ ಕಟ್ಟುವುದು, ಕನ್ನಡ ಗೊತ್ತಿಲ್ಲದವರ ಪಕ್ಕ ಕೂತು ಮಾತಿನ ಸಾರಾಂಶ ಮರಾಠಿಯಲ್ಲಿ ಹೇಳುವುದು. ಬೆಳಗಾವಿಯಲ್ಲಿ ಈ ಕೊನೆಯ ಕೆಲಸಕ್ಕೆ ಯಾವಾಗಲೂ ಜನ ಬೇಕು.

ಇನ್ನೊಂದು ಸುಲಭದ ಕೆಲಸ ಹಕ್ಕಿ ಎಣಿಕೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಮನೆ ಹಿತ್ತಲಿನ ಹಕ್ಕಿ ಎಣಿಕೆ ನಡೆಯುತ್ತದೆ. ಕನಿಷ್ಠ 15 ನಿಮಿಷ ಒಂದು ಕಡೆ ನಿಂತು ಕಂಡ ಹಕ್ಕಿಗಳನ್ನೆಲ್ಲ ಎಣಿಸಿ ಇಬರ್ಡ್ ಆ್ಯಪ್‌ನಲ್ಲಿ ಹಾಕಬೇಕು. ಕಾಗೆ, ಗೊರವಂಕ, ಪಾರಿವಾಳ ಬಿಟ್ಟರೆ ಇನ್ನೇನೂ ಗೊತ್ತಿಲ್ಲ ಅಂದರೂ ನಡೆಯುತ್ತದೆ. ಬಳಗದ ಯಾರಾದರೂ ಜೊತೆಗಿದ್ದರೆ ಅವತ್ತೇ ಇನ್ನಷ್ಟು ಕಲಿಯುತ್ತೀರಿ.

ಆಮೇಲೆ ನಿಮ್ಮ ಮನೆಗೆ ಕರೆಯಿರಿ. ತೋಟ ಇನ್ನೂ ಸರಿಯಾಗಿಲ್ಲ ಅಂತ ಮುಂದೂಡುತ್ತಾ ಹೋದರೆ ಅದು ಎಂದೂ ಸರಿಯಾಗುವುದಿಲ್ಲ. ಎರಡು ವಾರ ಮುಂಚೆ ದಿನ ಹೇಳಿ, ಹತ್ತು-ಹನ್ನೆರಡು ಜನಕ್ಕಿಂತ ಜಾಸ್ತಿ ಬೇಡ. ಗಿಡಗಳ ಮುಂದೆ ಹೆಸರಿನ ಚೀಟಿ ಇಡಿ. ಭೇಟಿಯ ಹಿಂದಿನ ವಾರ ಔಷಧಿ ಹೊಡೆಯಬೇಡಿ. ಸತ್ತ ಗಿಡದ ಕುಂಡ ಮುಚ್ಚಿಡಬೇಡಿ, ಅದರ ಮುಂದೆಯೇ ಒಳ್ಳೆಯ ಮಾತು ನಡೆಯುತ್ತದೆ. ತಿಂಡಿಗೆ ಚುರಮರಿ, ಚಾ ಸಾಕು. ಊಟ ಹಾಕಿಸಿದರೆ ಮುಂದಿನ ತಿಂಗಳು ಕರೆಯಬೇಕಾದವರು ಹಿಂದೆ ಸರಿಯುತ್ತಾರೆ.

## ಎಚ್ಚರಿಕೆಯ ಗುರುತುಗಳು

ಈ ಕೆಳಗಿನವು ಕಂಡರೆ ಒಂದು ಹೆಜ್ಜೆ ಹಿಂದೆ ಬನ್ನಿ.

ಮೊದಲ ದಿನವೇ ಆಜೀವ ಸದಸ್ಯತ್ವಕ್ಕೆ ಒತ್ತಾಯ. ಹಣ ಒಬ್ಬರ ಸ್ವಂತ ಫೋನ್‌ಪೇ ನಂಬರಿಗೆ ಹೋಗುತ್ತದೆ, ರಸೀದಿ ಕೇಳಿದರೆ "ಮುಂದಿನ ಸಲ" ಅನ್ನುತ್ತಾರೆ.

ಪ್ರತಿ ಮಾತಿನ ಕೊನೆಗೆ ಅದೇ ಟಾನಿಕ್ಕು, ಅದೇ ಗೊಬ್ಬರದ ಬಾಟಲಿ ಮಾರಾಟಕ್ಕೆ ಬರುತ್ತದೆ. ನೀವೂ ಇಬ್ಬರನ್ನು ಸೇರಿಸಿದರೆ ಕಮಿಷನ್ ಅಂತಾರೆ. ಅದು ಬಳಗವಲ್ಲ, ಅಂಗಡಿ.

ನಿಸರ್ಗದ ಮಾತು ಅಂತ ಕರೆದು ಜೀವಂತ ಹಾವು ಹಿಡಿದು ತಂದು ಕೊರಳಿಗೆ ಹಾಕಿ ಫೋಟೋ ತೆಗೆಸುತ್ತಾರೆ. ಇದು ಅಪಾಯ, ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ಕ್ಕೂ ವಿರುದ್ಧ. ಪಂಜರದಲ್ಲಿ ನಮ್ಮ ಹಸಿರು ಗಿಳಿ ಸಾಕುವುದೂ ಅಷ್ಟೇ. ಆತಿಥ್ಯ ಕೊಟ್ಟವರ ಮನೆಯಲ್ಲಿ ಅದು ಕಂಡರೆ ಅಲ್ಲೇ ಜಗಳ ತೆಗೆಯಬೇಡಿ, ಬಳಗದ ಹಿರಿಯರ ಕಿವಿಗೆ ಹಾಕಿ. ಅವರು ನಕ್ಕು ಸುಮ್ಮನಾದರೆ ಬಳಗ ಎಂಥದ್ದು ಅಂತ ಗೊತ್ತಾಗುತ್ತದೆ.

ಇನ್ನೊಂದು ಗುರುತು ನಿಧಾನಕ್ಕೆ ಕಾಣುತ್ತದೆ. ಪ್ರತಿ ಸಲ ಒಬ್ಬರೇ ಮಾತಾಡುತ್ತಾರೆ, ಹೆಣ್ಣುಮಕ್ಕಳು ಚಾ ಹಂಚುವುದಕ್ಕೆ ಮಾತ್ರ, ಹೊಸಬರ ಪ್ರಶ್ನೆಗೆ ನಗು. ಹಣದ ಮೋಸ ಇಲ್ಲದಿದ್ದರೂ ಇಂಥಲ್ಲಿ ಕೂತು ಉಪಯೋಗವಿಲ್ಲ.

## ನಿಮ್ಮೂರಲ್ಲಿ ಬಳಗವೇ ಇಲ್ಲದಿದ್ದರೆ

ಅಥಣಿ, ಜಮಖಂಡಿ, ಇಂಡಿ ಥರದ ಊರುಗಳಲ್ಲಿ ಹುಡುಕಿಯೂ ಸಿಗದೇ ಇರಬಹುದು. ಆಗ ಮೂರು ಮನೆ ಸಾಕು. ತಿಂಗಳ ಎರಡನೇ ರವಿವಾರ ಅಂತ ಒಂದು ದಿನ ಗಟ್ಟಿ ಮಾಡಿ, ಸರದಿಯ ಮೇಲೆ ಒಬ್ಬೊಬ್ಬರ ಮನೆ. ದಿನ ಬದಲಾಯಿಸಬೇಡಿ. ಇಬ್ಬರೇ ಬಂದರೂ ನಡೆಸಿ. ಮೂರು ತಿಂಗಳಿಗೊಮ್ಮೆ ಹತ್ತಿರದ ಕೃಷಿ ಕಾಲೇಜಿನಿಂದಲೋ ಹೈಸ್ಕೂಲಿನಿಂದಲೋ ಒಬ್ಬ ಮೇಷ್ಟ್ರನ್ನು ಮಾತಿಗೆ ಕರೆಯಿರಿ, ಹೋಗಿಬರುವ ಖರ್ಚು ನೀವೇ ಕೊಡಿ. ಹೆಸರು, ಲೋಗೋ, ಅಧ್ಯಕ್ಷರು ಅಂತ ಮೊದಲೇ ಶುರು ಮಾಡಿದರೆ ಜಗಳ ಅಲ್ಲಿಂದಲೇ ಏಳುತ್ತದೆ. ಬ್ಯಾಂಕ್ ಖಾತೆ ಬೇಕಾಗುವಷ್ಟು ಹಣ ಕೂಡತೊಡಗಿದಾಗ ಮಾತ್ರ ಏಳು ಜನ ಸೇರಿ, ಸಹಕಾರ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ನೋಂದಣಿಯ ಕಾಗದಪತ್ರ ವಿಚಾರಿಸಿ. ಅಲ್ಲಿಯವರೆಗೆ ಚಾ ಖರ್ಚನ್ನು ಅವತ್ತಿನ ಮನೆಯವರೇ ನೋಡಿಕೊಳ್ಳಲಿ, ಬಾಡಿಗೆ ಗಾಡಿಯ ಹಣವನ್ನು ಇಳಿಯುವ ಮುಂಚೆ ಅಲ್ಲೇ ಪಾಲು ಮಾಡಿ ಕೊಟ್ಟುಬಿಡಿ.